ಡೋಣಿಯ ಅಂಗಿ, ಬೆಟಗೇರಿಯ ಮಾಸ್ತರ

ಕಳೆದ ತಿಂಗಳು ಬೆಟಗೇರಿಯಲ್ಲಿ ಒಂದು ಬೋರ್ಡು ಇಳಿಸಿದರು. ಅದರ ಮೇಲೆ ಇದ್ದದ್ದು ಒಂದೇ ಶಬ್ದ: ಟೇಲರ್. ಅಂಗಡಿಯವರ ಹೆಸರಿಲ್ಲ, ಮಕ್ಕಳ ಹೆಸರಿಲ್ಲ, ದೇವರ ಹೆಸರೂ ಇಲ್ಲ. ಅಂಗಡಿಯ ಟೇಲರ್ ಮಾಸ್ತರರನ್ನು ನಾನು ಒಮ್ಮೆ ಕೇಳಿಯೂ ಇದ್ದೆ, "ಮಾಸ್ತರ, ಬೋರ್ಡಿನ ಮ್ಯಾಲ ನಿಮ್ಮ ಹೆಸರು ಯಾಕ ಬರಸಿಲ್ಲ?" ಎಂದು. ಅವರು ಹಲ್ಲಿನಲ್ಲಿ ದಾರ ಕಡಿದು, "ಹೆಸರು ಬರಸಿದರ ಮಂದಿಗೆ ಬೈಯಾಕ ಅನುಕೂಲ ಆಕ್ಕೈತ್ರಿ, ಅಕ್ಕಾರ" ಎಂದಿದ್ದರು. ಆದ್ದರಿಂದ ನಾನೂ ಇಲ್ಲಿ ಅವರ ಹೆಸರು ಬರೆಯುವುದಿಲ್ಲ. ಮನುಷ್ಯ ಹೋದ ಮೇಲೆ ಬೈಯುವವರಿಗೆ ಅನುಕೂಲ ಮಾಡಿಕೊಟ್ಟ ಪಾಪ ನನಗೇಕೆ?

ಬೈಯುವವರು ಬಹಳ ಜನ ಇದ್ದರು, ಮೊದಲಿನವಳು ನಾನೇ. ಅಲ್ಲಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದೆ. ಆ ಮೂವತ್ತು ವರ್ಷವೂ ನನ್ನ ಕುಪ್ಪಸಗಳನ್ನು ಅವರೇ ಹೊಲಿದರು, ಅಥವಾ ಹೊಲಿಯುವುದಾಗಿ ಹೇಳಿದರು. ಬಟ್ಟೆ ಕೊಟ್ಟ ದಿನ ಅವರು ಹೇಳುತ್ತಿದ್ದ ಮಾತು ಒಂದೇ. "ಶುಕ್ರವಾರ ಬಿಟ್ಟು ಬರ್ರಿ." ಯಾವ ಶುಕ್ರವಾರ ಎಂದು ಹೇಳುತ್ತಿರಲಿಲ್ಲ. ವ್ಯಾಕರಣ ಕಲಿಸುವ ನನಗೂ ಆ ವಾಕ್ಯ ಯಾವ ಕಾಲದ್ದೆಂದು ಕೊನೆಯವರೆಗೆ ತಿಳಿಯಲಿಲ್ಲ. ಭವಿಷ್ಯತ್ ಕಾಲ ಎನ್ನೋಣವೆಂದರೆ ಅದು ಎಂದೂ ವರ್ತಮಾನಕ್ಕೆ ಬರುತ್ತಿರಲಿಲ್ಲ. ಮೊನ್ನೆ ಅವರ ಮಗ ಅಂಗಡಿ ಖಾಲಿ ಮಾಡುವಾಗ ನನ್ನ ಎರಡು ಕುಪ್ಪಸದ ಬಟ್ಟೆ ಸಿಕ್ಕವೆಂದು ಮನೆಗೆ ತಂದುಕೊಟ್ಟ. ಒಂದಕ್ಕೆ ಕತ್ತರಿಯೂ ಬಿದ್ದಿರಲಿಲ್ಲ. ಅದನ್ನು ಕೈಯಲ್ಲಿ ಹಿಡಿದುಕೊಂಡು ನಾನು ಅತ್ತೆ, ಆ ಹುಡುಗ ಏನು ತಿಳಿದುಕೊಂಡನೋ!

ತಡವನ್ನಾದರೂ ಸಹಿಸಬಹುದಿತ್ತು. ಅವರು ತಮ್ಮ ತಪ್ಪು ಒಪ್ಪಿಕೊಳ್ಳದಿರುವುದನ್ನು ಸಹಿಸುವುದು ಕಷ್ಟವಾಗಿತ್ತು. ಹೊಲಿದದ್ದು ಬಿಗಿಯಾದರೆ, "ಅಳತಿ ಕೊಡೂ ಮುಂದ ನೀವು ಉಸರು ಹಿಡಿದಿದ್ರಿ" ಎನ್ನುವರು. ಸಡಿಲಾದರೆ, "ಈ ವಾರ ಊಟ ಬಿಟ್ಟೀರೇನು?" ಎನ್ನುವರು. ನಮ್ಮ ಶಾಲೆಯ ಗಣಿತದ ಮಾಸ್ತರರಿಗೆ ಅಂಗಿಯ ಹೆಗಲು ಸೊಟ್ಟ ಬಂದಾಗ, "ಅಂಗಿ ಬರೋಬ್ಬರಿ ಐತ್ರಿ. ನಿಮ್ಮ ಎಡಗಡಿ ಹೆಗಲು ಇಳದೈತಿ, ದವಾಖಾನಿಗೆ ತೋರಸ್ರಿ" ಎಂದುಬಿಟ್ಟರು. ಆ ಪುಣ್ಯಾತ್ಮ ನಿಜವಾಗಿಯೂ ಹೋಗಿ ತೋರಿಸಿ ಬಂದ. ಒಬ್ಬ ಮದುಮಗನ ಕೋಟಿನ ಒಂದು ತೋಳು ಎರಡು ಬೆರಳು ಗಿಡ್ಡವಾಗಿತ್ತು. ಲಗ್ನ ಮರುದಿನ. ಟೇಲರ್ ಮಾಸ್ತರರು ಸ್ವಲ್ಪವೂ ಗಲಿಬಿಲಿಯಾಗದೆ, "ಆ ಕೈ ಸೊಂಟದ ಮ್ಯಾಲ ಇಟ್ಟು ನಿಂದ್ರು. ಮುಂಬೈದಾಗ ಎಲ್ಲಾರೂ ಹಂಗ ನಿಂದರ್ತಾರ" ಎಂದರು. ಆ ಲಗ್ನದ ಫೋಟೋ ನೋಡಿದ ಆ ಓಣಿಯ ಮುಂದಿನ ಇಬ್ಬರು ಮದುಮಕ್ಕಳೂ ಸೊಂಟದ ಮೇಲೆ ಕೈಯಿಟ್ಟೇ ನಿಂತಿದ್ದಾರೆ.

ಮುಂಬೈ ಅವರ ಬ್ರಹ್ಮಾಸ್ತ್ರ. ತಾವು ಹುಡುಗರಾಗಿದ್ದಾಗ ಮೂರು ವರ್ಷ ಅಲ್ಲಿದ್ದು ಬಂದಿದ್ದರು. "ನಾ ಅಲ್ಲಿ ಕಟರ್ ಇದ್ದೇನ್ರಿ" ಎಂದು ಶುರುವಾದರೆ ದೊಡ್ಡ ದೊಡ್ಡವರ ಕೋಟುಗಳೆಲ್ಲ ಅವರ ಕತ್ತರಿಯ ಕೆಳಗಿಂದಲೇ ಹಾದುಹೋಗಿರುತ್ತಿದ್ದವು. ಯಾರ ಕೋಟು ಎಂದು ಕೇಳಿದರೆ ಮಾತ್ರ ಹೆಸರು ನೆನಪಾಗುತ್ತಿರಲಿಲ್ಲ.

ಇಷ್ಟಿದ್ದೂ ನಾನು ಬೇರೆ ಟೇಲರನ ಬಳಿ ಹೋಗಲಿಲ್ಲ. ಅವರು ಬಟ್ಟೆಯನ್ನು ನೋಡುವ ರೀತಿಯನ್ನು ನೋಡುವುದೇ ನನಗೊಂದು ಖುಷಿಯಾಗಿತ್ತು. ಯಾವ ಅರಿವೆ ಕೊಟ್ಟರೂ ಮೊದಲು ಅದನ್ನು ಒಳಗುಹೊರಗು ತಿರುವುತ್ತಿದ್ದರು. "ಹೊರಗಿನ ಮೈ ಮಂದಿ ಸಲುವಾಗಿ ಇರತೈತ್ರಿ. ಒಳಗಿಂದು ಹೊಲದಾಂವನ ಸಲುವಾಗಿ." ಹಾಗೆ ತಿರುವಿ, ಕನ್ನಡಕ ಹಣೆಗೆ ಏರಿಸಿ, ಹೊಲಿಗೆಯ ಮೇಲೆ ಬೆರಳು ಎಳೆದು ಯಾರು ಹೊಲಿದದ್ದೆಂದು ಹೇಳುತ್ತಿದ್ದರು. "ಇದು ಮುಂಡರಗಿ ಕೈ. ಇದು ಲಕ್ಷ್ಮೇಶ್ವರದ್ದು, ಆ ಮನಷಾ ದಾರ ಉಳಸ್ತಾನ." ಖರೆಯೋ ಸುಳ್ಳೋ ದೇವರೇ ಬಲ್ಲ. "ಗೊತ್ತಿಲ್ಲ" ಎನ್ನುವ ಶಬ್ದವನ್ನು ಮಾತ್ರ ಅವರ ಬಾಯಲ್ಲಿ ನಾನು ಕೇಳಿದವಳಲ್ಲ.

ಈ ಗುಣದಿಂದಲೇ ನಮ್ಮ ಮನೆಯಲ್ಲಿ ಒಂದು ದೊಡ್ಡ ಅನಾಹುತ ಆಗುವುದರಲ್ಲಿತ್ತು.

ಅದನ್ನು ಹೇಳಬೇಕಾದರೆ ನಮ್ಮ ಅಜ್ಜ ಮತ್ತು ಆಯಿಯ ವಿಷಯ ಹೇಳಬೇಕು. ಆಯಿ ಎಂದರೆ ನಮ್ಮ ತಂದೆಯ ತಾಯಿ. ಶಿರಹಟ್ಟಿಯವಳು, ಶಿಗ್ಲಿಗೆ ಸೊಸೆಯಾಗಿ ಬಂದವಳು. ಅವಳು ಗಂಡನ ಮನೆಗೆ ಬಂದು ಎರಡು ತಿಂಗಳಾಗುವುದರೊಳಗೆ ಅಜ್ಜ ತನ್ನ ಅಪ್ಪನ ಜೊತೆ ಯಾವುದಕ್ಕೋ ಜಗಳಾಡಿ ಮನೆ ಬಿಟ್ಟು ಹೋದ. ಅದು ದೊಡ್ಡ ಲಡಾಯಿಯ ಕಾಲ. ನಾಲ್ಕು ವರ್ಷ ಪತ್ತೆಯಿಲ್ಲ. ನಡುವೆ ಒಂದೇ ಒಂದು ಕಾರ್ಡು ಬಂತು. ಮನೆಯಲ್ಲಿ ಅಜ್ಜನನ್ನು ಬಿಟ್ಟರೆ ಯಾರಿಗೂ ಓದು ಬರುತ್ತಿರಲಿಲ್ಲ. ಊರ ಶಾಲೆಯ ಮಾಸ್ತರರು ಕಟ್ಟೆಯ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಓದಿದರು: "ನಾನು ಡೋಣಿಯಲ್ಲಿ ಕ್ಷೇಮವಾಗಿದ್ದೇನೆ. ಯಾರೂ ಕಾಳಜಿ ಮಾಡಬಾರದು."

ಡೋಣಿ ಎಂದರೆ ಮುಂಡರಗಿಯ ಕಡೆ, ಕಪ್ಪತಗುಡ್ಡದ ಬುಡದಲ್ಲಿರುವ ಊರು. ಶಿಗ್ಲಿಯಿಂದ ಚಕ್ಕಡಿ ಹೂಡಿಕೊಂಡು ಹೋಗಿ ಬರಬಹುದಾದಷ್ಟು ದೂರ. ಅಷ್ಟು ಹತ್ತಿರವಿದ್ದೂ ಹೆಂಡತಿಯನ್ನು ನೋಡಲು ಬಾರದ ಗಂಡಸು ಅಲ್ಲಿ ಏನು ಮಾಡುತ್ತಿರಬಹುದು? ಊರವರು ಉತ್ತರ ಹುಡುಕಲು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ನಾಲ್ಕು ವರ್ಷದ ಮೇಲೆ ಅಜ್ಜ ಒಂದು ಟ್ರಂಕು ಹೊತ್ತುಕೊಂಡು ಬಂದ. ಅವನ ಅಪ್ಪ, "ಎಲ್ಲಿದ್ದಿ?" ಎಂದು ಕೇಳಿದ. "ಡೋಣ್ಯಾಗ" ಎಂದ. ಅಷ್ಟೇ. ಅಜ್ಜ ಒಂದು ಪ್ರಶ್ನೆಗೆ ಒಂದೇ ಸಲ, ಒಂದೇ ಶಬ್ದದಲ್ಲಿ ಉತ್ತರ ಕೊಡುವ ಮನುಷ್ಯ. ಆಯಿಯೋ, ಕೇಳಿದರೆ ಸವತಿ ಇದ್ದಾಳೆಂದು ಒಪ್ಪಿಕೊಂಡ ಹಾಗಾಗುತ್ತದೆಂದು ಕೇಳದೇ ಉಳಿದವಳು. ಅವನು ಹೇಳಲಿಲ್ಲ, ಇವಳು ಕೇಳಲಿಲ್ಲ. ಅದರ ನಡುವೆಯೇ ಐದು ಮಕ್ಕಳಾದವು, ಮೊಮ್ಮಕ್ಕಳಾದೆವು.

ಆದರೆ ಆಯಿ ಮರೆಯಲಿಲ್ಲ. ಮುಂಡರಗಿಯಲ್ಲಿ ಅವಳ ತಂಗಿಯ ಮನೆ ಇತ್ತು. ಅಲ್ಲಿಗೆ ಹೋದಾಗ ಕಪ್ಪತಗುಡ್ಡಕ್ಕೆ ಹೋಗೋಣವೆಂದರೆ ಅವಳಿಗೆ ತಟ್ಟನೆ ಮೊಣಕಾಲು ನೋಯುತ್ತಿತ್ತು. ಡೋಣಿಯಿಂದ ಬಂದ ಲಗ್ನಪತ್ರಿಕೆಗಳನ್ನು ಒಲೆಗೆ ಹಾಕುತ್ತಿದ್ದಳು. ಎಲ್ಲಾದರೂ ಡೋಣಿಯವರು ಎದುರಾದರೆ ಅವರ ಮೂಗನ್ನೇ ನೋಡುತ್ತಿದ್ದಳು. ನಮ್ಮ ಮನೆತನದ ಮೂಗು ತುದಿಯಲ್ಲಿ ಸ್ವಲ್ಪ ಬಾಗಿದೆ. ಆ ಬಾಗು ಯಾವ ಡೋಣಿಯವನ ಮುಖದಲ್ಲಾದರೂ ಸಿಗುತ್ತದೆಯೋ ಎಂದು ಅರವತ್ತು ವರ್ಷ ಹುಡುಕಿದಳು. ನಮಗೆ ಚಿಕ್ಕಂದಿನಲ್ಲಿ ಇದೆಲ್ಲ ನಗೆಯ ಮಾತಾಗಿತ್ತು.

ಅಜ್ಜ ತೀರಿಕೊಂಡ. ನಮ್ಮಲ್ಲಿ ಹೊಲದಲ್ಲಿ ಮಣ್ಣು ಮಾಡುವ ಪದ್ಧತಿ. ಬೇವಿನ ಗಿಡದ ಕೆಳಗೆ ಅವನನ್ನು ಮಣ್ಣು ಮಾಡಿ, ಮಗ್ಗುಲಲ್ಲಿ ಆಯಿಗೆಂದು ಜಾಗ ಬಿಟ್ಟರು. ಟ್ರಂಕು ಮಂಚದ ಕೆಳಗೆ ಉಳಿಯಿತು. ಹದಿನೈದು ವರ್ಷಗಳ ಹಿಂದೆ ನಮ್ಮ ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ನಾಟಕ ಆಡಿಸುವುದಿತ್ತು, ಅರಮನೆಯ ಕಾವಲುಗಾರನಿಗೆ ಒಂದು ವೇಷ ಬೇಕಿತ್ತು. ಶಿಗ್ಲಿಗೆ ಹೋದಾಗ ಆ ಟ್ರಂಕು ತೆಗೆದೆ. ಒಂದು ಬಿಳಿ ಅಂಗಿ, ಬುಡದಲ್ಲಿ ಗಂಟೆಯ ಹಾಗೆ ಅಗಲವಾದ ಬಿಳಿ ಪ್ಯಾಂಟು, ಬೆನ್ನ ಮೇಲೆ ಚೌಕಾಕಾರವಾಗಿ ಇಳಿಬೀಳುವ ನೀಲಿ ಕೊರಳಪಟ್ಟಿ, ಅದರ ಅಂಚಿಗೆ ಮೂರು ಬಿಳಿ ಗೆರೆ. ಜೊತೆಗೆ ಟೊಪ್ಪಿಗೆಗೆ ಸುತ್ತುವ ಒಂದು ಕಪ್ಪು ರಿಬ್ಬನ್ನು, ಅದರ ಮೇಲೆ ಮಾಸಿದ ಚಿನ್ನದ ಬಣ್ಣದಲ್ಲಿ ಎಚ್. ಎಂ. ಐ. ಎಸ್. ಎಂಬ ನಾಲ್ಕು ಇಂಗ್ಲಿಷ್ ಅಕ್ಷರ. ಆಯಿಗೆ ಕೇಳಿದರೆ, "ಅದು ಡೋಣಿ ಗಂಟು. ಒಯ್ಯಿ, ಬೇಕಾದರ ನೆಲಾ ಒರಸಾಕ ಮಾಡ್ಕೊ" ಎಂದಳು.

ನಾನು ಅದನ್ನು ಗಿಡ್ಡ ಮಾಡಿಸಲೆಂದು ಮಾಸ್ತರರ ಅಂಗಡಿಗೆ ಒಯ್ದೆ. "ಇದು ಯಾರ ಡ್ರೆಸ್ಸು ಮಾಸ್ತರ?" ಎಂದು ಸುಮ್ಮನೆ ಕೇಳಿದೆ. ಅವರು ಪ್ಯಾಂಟು ಎತ್ತಿ ನೋಡಿದರು. ಅದು ಮೊದಲೇ ಒಳಗುಹೊರಗಾಗಿ ಮಡಚಿತ್ತು. ಅಭ್ಯಾಸದಂತೆ ತಿರುವಿದರು. ತಿರುವಿದಾಗ ಅದು ನೆಟ್ಟಗಾಯಿತು, ಅಂದರೆ ಅವರ ಜೀವನದಲ್ಲಿ ಮೊದಲ ಸಲ ಒಂದು ಬಟ್ಟೆಯ ಹೊರಮೈಯನ್ನು ಮಾತ್ರ ನೋಡಿದರು. ರಿಬ್ಬನ್ನು ನೋಡಿದರು. ತೀರ್ಪು ಕೊಟ್ಟರು.

"ಬ್ಯಾಂಡ್ ಕಂಪನಿ ಡ್ರೆಸ್ಸು."

"ಖರೇನು?"

"ಲಗ್ನದಾಗ ಬಾರಸ್ತಾರಲ್ಲರೀ, ಅದು. ಓದ್ರಿ ಬೇಕಾದರ. ಎಚ್ ಅಂದ್ರ ಹುಬ್ಬಳ್ಳಿ. ಎಂ ಅಂದ್ರ ಮ್ಯೂಜಿಕ್. ಮುಂದಿನವೆರಡು ಮಾಲಕನ ಹೆಸರು ಇರಬೇಕು. ಮುಂಬೈದಾಗ ಇಂಥಾವು ಸಾವಿರ ಕಟ್ ಮಾಡೇನಿ."

"ಗಿಡ್ಡ ಮಾಡಿ ಕೊಡ್ತೀರಿ?"

"ಶುಕ್ರವಾರ ಬಿಟ್ಟು ಬರ್ರಿ."

ಆ ಭಾನುವಾರ ಶಿಗ್ಲಿಗೆ ಹೋದಾಗ ನಾನು ಬುದ್ಧಿಗೇಡಿ, ನಗುತ್ತ ಆಯಿಗೆ ಹೇಳಿದೆ: "ಅಜ್ಜ ಡೋಣ್ಯಾಗ ಬ್ಯಾಂಡ್ ಬಾರಸ್ತಿದ್ದನಂತ ನೋಡು!" ಆಯಿ ನಗಲಿಲ್ಲ. ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು. ಇಷ್ಟು ವರ್ಷ ಅವಳ ಕಣ್ಣಿಗೆ ಡೋಣಿಯಲ್ಲಿ ಒಂದು ಮನೆ ಮಾತ್ರ ಕಾಣುತ್ತಿತ್ತು. ಈಗ ಹಂದರ ಕಂಡಿತು, ಲಗ್ನ ಕಂಡಿತು, ವಾದ್ಯದ ಸಪ್ಪಳ ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ನನ್ನ ತಮ್ಮನನ್ನು ಕರೆದಳು. ಅವನು ಅಲ್ಲಿ ಹೊಲ ನೋಡಿಕೊಂಡಿರುವವನು.

"ನಾ ಸತ್ತರ ನಿಮ್ಮಜ್ಜನ ಮಗ್ಗಲ ಮಣ್ಣು ಮಾಡಬ್ಯಾಡ್ರಿ" ಎಂದಳು. "ಬದುವಿನ ಆಕಡೆ ಮಾಡ್ರಿ. ಆ ಜಾಗಾ ಡೋಣಿಯಾಕಿಗೆ ಇರಲಿ."

ತಮ್ಮ ನನ್ನ ಮುಖ ನೋಡಿದ. ಎಂಬತ್ತು ದಾಟಿದ ಹೆಣ್ಣುಮಗಳು. ಅವಳು ಅಂದದ್ದನ್ನು ಅಂದ ಹಾಗೆ ಮಾಡಿಸುವವಳು. ಅರವತ್ತು ವರ್ಷ ಒಂದೇ ಮನೆಯಲ್ಲಿ ಬಾಳಿದ ಮೇಲೆ ಗಂಡನಿಂದ ಒಂದು ಬದುವಿನಷ್ಟು ದೂರ ಹೋಗಿ ಮಲಗುವೆನೆನ್ನುತ್ತಿದ್ದಾಳೆ, ಅದೂ ನಾನು ಆಡಿದ ಒಂದು ಚೇಷ್ಟೆಯ ಮಾತಿನಿಂದ.

ಮರುದಿನ ಮಧ್ಯಾಹ್ನವೇ ಶಾಲೆ ಬಿಟ್ಟವಳು ನೇರ ಮಾಸ್ತರರ ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಕಾರ್ಡು, ಡೋಣಿ, ಮೂಗು, ಬದು. ಹೇಳುವಾಗ ಸಿಟ್ಟೂ ಬಂತು. "ನೀವು ಗೊತ್ತಿಲ್ಲಂದ್ರ ನಿಮ್ಮ ಗಂಟು ಏನು ಹೊಕ್ಕಿತ್ತು ಮಾಸ್ತರ?" ಎಂದುಬಿಟ್ಟೆ. ಅವರು ಎಂದಿನಂತೆ ನನ್ನ ಹೆಗಲಿನಲ್ಲಿ ತಪ್ಪು ಹುಡುಕಲಿಲ್ಲ. ಮಿಷನ್ನಿನ ಗಾಲಿಯ ಮೇಲೆ ಕೈಯಿಟ್ಟು ಅದನ್ನು ನಿಲ್ಲಿಸಿದರು. ಆಮೇಲೆ ಎದ್ದು, ಕಪಾಟಿನಿಂದ ಆ ಪ್ಯಾಂಟು ತೆಗೆದರು. ದೇವರ ದಯೆ, ಅವರ ಚಾಳಿಯ ದಯೆ, ಅದಕ್ಕಿನ್ನೂ ಕತ್ತರಿ ಮುಟ್ಟಿಸಿರಲಿಲ್ಲ.

ಮೇಜಿನ ಮೇಲೆ ಹಾಸಿ ನೋಡಿದರು. ನಾವು ಪ್ಯಾಂಟಿಗೆ ಉದ್ದಕ್ಕೆ ಒಂದು ಗೆರೆ ಬರುವ ಹಾಗೆ ಇಸ್ತ್ರಿ ಮಾಡುತ್ತೇವೆ. ಇದರ ಕಾಲುಗಳಿಗೆ ಅಡ್ಡಡ್ಡ ಗೆರೆ ಇದ್ದವು, ಅರವತ್ತು ವರ್ಷ ಟ್ರಂಕಿನಲ್ಲಿ ಕೂತು ಬಟ್ಟೆಯಲ್ಲೇ ಊರಿಹೋಗಿದ್ದವು. ಮಾಸ್ತರರು ಬೆರಳಿನಿಂದ ಎಣಿಸಿದರು.

"ಐದು" ಎಂದರು. "ನಿಮ್ಮಜ್ಜ ಗಿಡ್ಡ ಇದ್ದರೇನು?"

ನನಗೆ ಆಶ್ಚರ್ಯ. ಅಜ್ಜ ನನ್ನಷ್ಟೇ ಗಿಡ್ಡ ಇದ್ದ. "ಹೌದು, ನಿಮಗ ಹೆಂಗ ಗೊತ್ತಾತು?"

ಅವರು ಬಾಗಿಲ ಕಡೆ ನೋಡಿ, ಬೇರೆ ಗಿರಾಕಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿದರು. "ಎತ್ತರ ಇದ್ದವ್ರಿಗೆ ಏಳು ಮಡಚ್ತಾರ, ಗಿಡ್ಡ ಇದ್ದವ್ರಿಗೆ ಐದು. ಒಳಗಿನ ಮೈ ಹೊರಗ ಮಾಡಿ, ಅಡ್ಡ ಇಸ್ತ್ರಿ ಹೊಡೀಬೇಕು. ಸಣ್ಣ ಪೆಟಗ್ಯಾಗ ಹಿಡೀಬೇಕಲ್ಲ, ಅದಕ್ಕ. ಇದು ಹಡಗಿನ ಮಂದಿ ಪ್ಯಾಂಟ್ರಿ. ನೇವಿ. ಅದು ಒಳಗುಹೊರಗ ಇದ್ದದ್ದ ಖೂನ, ಗುರ್ತು. ನಾ ಅದನ್ನ ನೆಟ್ಟಗ ಮಾಡಿ ಕೆಡಸಿದೆ."

"ಇಂಥಾವು ಸಾವಿರ ಕಟ್ ಮಾಡೀರಿ ಅಂದ್ರಲ್ಲಾ, ಅವತ್ತ ಯಾಕ ಗುರ್ತು ಹಿಡೀಲಿಲ್ಲ?"

ಮಾಸ್ತರರು ಟೇಪು ಕೊರಳಿಂದ ತೆಗೆದು ಸುತ್ತಿದರು, ಮತ್ತೆ ಬಿಚ್ಚಿದರು. "ನಾ ಮುಂಬೈದಾಗ ಕಟರ್ ಇರಲಿಲ್ಲರೀ, ಅಕ್ಕಾರ" ಎಂದರು. "ಬಂದರಿನ ಬಾಜೂಕ ಒಂದು ಅಂಗಡಿ. ಅಲ್ಲಿ ಹಡಗಿನ ಮಂದಿ ಪ್ಯಾಂಟು ಇಸ್ತ್ರಿ ಮಾಡತಿದ್ದೆ, ನೋಡಿದ್ದೆಲ್ಲಾ ಒಳಗಿನ ಮೈ. ಮೂರು ವರ್ಷ ಬರೇ ಇಸ್ತ್ರಿ. ಕತ್ರಿ ಮುಟ್ಟಾಕ ಬಿಡಲಿಲ್ಲ. ಈ ಮಾತು ನಮ್ಮ ಮನ್ಯಾಗೂ ಗೊತ್ತಿಲ್ಲ."

ಅವರು ಇಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. "ಇರಲಿ ಬಿಡ್ರಿ" ಎಂದೆ. ಅವರಾಗಲೇ ಎದ್ದು ಅಂಗಡಿಯ ಬಾಗಿಲು ಎಳೆಯುತ್ತಿದ್ದರು. "ಲಕ್ಷ್ಮೇಶ್ವರದ ಬಸ್ಸು ಎಷ್ಟಕ್ಕ ಐತಿ? ನಡೀರಿ, ನಿಮ್ಮ ಆಯಿ ಕಡೆ."

ಹಾಡುಹಗಲಿನಲ್ಲಿ ಆ ಅಂಗಡಿ ಮುಚ್ಚಿದ್ದು ನೋಡಿ ಎದುರಿನ ಚಹಾದಂಗಡಿಯವನು ಯಾರು ಸತ್ತರೆಂದು ಕೇಳಿದ. ಬಸ್ಸಿನಲ್ಲಿ ಮಾಸ್ತರರು ಬಟ್ಟೆಯ ಗಂಟನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಲಕ್ಷ್ಮೇಶ್ವರದಲ್ಲಿ ಬಸ್ಸು ಬದಲಿಸುವಾಗ ಮಾತ್ರ, "ಇದರ ಜೋಡಿ ಬಿಲ್ಲೆ ಇದ್ದವೇನು? ಲಡಾಯಿಗೆ ಹೋದವ್ರಿಗೆ ಎದಿಮ್ಯಾಲ ಹಚಗೊಳಾಕ ಕೊಡ್ತಾರ" ಎಂದು ಕೇಳಿದರು. ಟ್ರಂಕಿನಲ್ಲಿ ಅಂಥದ್ದೇನೂ ಇರಲಿಲ್ಲ. ಆದರೆ ಬಿಲ್ಲೆ ಎಂದ ಕೂಡಲೇ ನನಗೆ ಎತ್ತು ನೆನಪಾಯಿತು.

ನಮ್ಮ ಕೊಟ್ಟಿಗೆಯ ಗೂಟಕ್ಕೆ ಒಂದು ಆರು ಮೂಲೆಯ ಬಿಲ್ಲೆ ತೂಗುಬಿದ್ದಿರುತ್ತಿತ್ತು. ಕಾರಹುಣ್ಣಿಮೆಯ ದಿನ ಅಜ್ಜ ಅದನ್ನು ಬಲಗಡೆಯ ಎತ್ತಿನ ಹಣೆಗೆ ಕಟ್ಟುತ್ತಿದ್ದ. ಎಣ್ಣೆ, ಅರಿಶಿನ, ಕುಂಕುಮ ಮೆತ್ತಿ ಮೆತ್ತಿ ಅದು ಕಪ್ಪಗಾಗಿತ್ತು. ಅದು ಎತ್ತಿನದೆಂದೇ ನಾವೆಲ್ಲ ತಿಳಿದಿದ್ದೆವು. ಅದರ ಜೋಡಿಗೆ ಒಂದು ದುಂಡನೆಯ ಬಿಲ್ಲೆ ಇತ್ತು, ಒಂದು ಸಿಂಹ ಯಾವುದೋ ಪ್ರಾಣಿಯ ಮೇಲೆ ನಿಂತಿರುವುದು. ಅದು ಸರ್ಕಸ್ಸಿನದೆಂದು ನನ್ನ ತಮ್ಮ ಚಿಕ್ಕಂದಿನಲ್ಲಿ ಊರೆಲ್ಲ ಹೇಳಿಕೊಂಡು ಬಂದಿದ್ದ.

ಆಯಿ ಪಡಸಾಲೆಯಲ್ಲಿ ಕೂತಿದ್ದಳು. ಮಾಸ್ತರರು ಚಾಪೆಯ ತುದಿಯಲ್ಲಿ ಕೂತು, ಗಂಟು ಬಿಚ್ಚಿ, ತಮ್ಮ ಜನ್ಮದಲ್ಲೇ ಆಡದ ಮಾತು ಆಡಿದರು. "ಆಯಿ, ನಂದು ತಪ್ಪಾಗೈತಿ. ಇವು ಬ್ಯಾಂಡಿನವು ಅಲ್ಲ. ಇವು ಡೋಣಿ ಮಂದಿ ಅರಿವಿ."

"ಗೊತ್ತೈತಿ ತಮ್ಮಾ, ಡೋಣಿ ಮಂದಿವು ಅಂತ" ಎಂದಳು ಆಯಿ. "ಅರವತ್ತು ವರ್ಷದಿಂದ ಗೊತ್ತೈತಿ. ಅದನ್ನ ಹೇಳಾಕ ಬೆಟಗೇರಿಯಿಂದ ಬಂದೇನು?"

"ಆ ಡೋಣಿ ಅಲ್ಲರೀ ಆಯಿ. ನೀರಾಗಿನ ಡೋಣಿ. ಸಮುದ್ರದಾಗ ಹೊಕ್ಕಾವಲ್ಲ, ದೊಡ್ಡು, ಲಡಾಯಿ ಡೋಣಿ. ನಿಮ್ಮ ಮನಿಯವ್ರು ಅದರಾಗ ಇದ್ದರು."

ನನಗೆ ಆಗ ಹೊಳೆಯಿತು. ನಮ್ಮ ಕಡೆಯ ಮಾತಿನಲ್ಲಿ ದೋಣಿಗೂ ಡೋಣಿ ಎಂದೇ ಅನ್ನುತ್ತಾರೆ. ಹುಡುಗರು ಪರೀಕ್ಷೆಯಲ್ಲಿ ಹಾಗೆ ಬರೆದರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ 'ದೋಣಿ' ಎಂದು ತಿದ್ದುತ್ತಿದ್ದೆ. ಎಷ್ಟು ಸಾವಿರ ಸಲ ತಿದ್ದಿದ್ದೇನೋ. ನಮ್ಮ ಮನೆಯೊಳಗೇ ಅರವತ್ತು ವರ್ಷ ಕೂತಿದ್ದ ಅದೇ ತಪ್ಪು ಈ ಕನ್ನಡ ಪಂಡಿತೆಯ ಕಣ್ಣಿಗೆ ಬೀಳಲಿಲ್ಲ. ಲಡಾಯಿಯ ಕಾಲದಲ್ಲಿ ಹಡಗಿನ ಹೆಸರು, ಜಾಗದ ಹೆಸರು ಬರೆಯಲು ಬಿಡುತ್ತಿರಲಿಲ್ಲ. ಟೊಪ್ಪಿಗೆಯ ರಿಬ್ಬನ್ನಿನ ಮೇಲೂ 'ಹಿಸ್ ಮೆಜೆಸ್ಟೀಸ್ ಇಂಡಿಯನ್ ಶಿಪ್' ಎಂಬುದರ ನಾಲ್ಕು ಮೊದಲಕ್ಷರ ಬಿಟ್ಟರೆ ಹಡಗಿನ ಹೆಸರಿರಲಿಲ್ಲ. ಅಜ್ಜ ಬರೆಯಬಹುದಾದಷ್ಟನ್ನು ಬರೆದಿದ್ದ.

ಆಯಿ ಸುಲಭಕ್ಕೆ ನಂಬುವವಳಲ್ಲ. "ಬ್ಯಾಂಡಂದಿ, ಈಗ ಡೋಣಿ ಅಂತಿ. ನಾಳೆ ಏನಂತಿ?" ಎಂದಳು. ನಾನು ಕೊಟ್ಟಿಗೆಗೆ ಓಡಿ ಬಿಲ್ಲೆ ತಂದೆ. ಆಯಿ ಅದನ್ನು ನನ್ನ ಕೈಯಿಂದ ಕಸಿದುಕೊಂಡು, ಹುಣಸೆಹಣ್ಣು ತರಿಸಿ, ತಾನೇ ಉಜ್ಜಲು ಕೂತಳು. ದೇವರ ಪಾತ್ರೆ ತಿಕ್ಕುವ ಹಾಗೆ ತಿಕ್ಕಿದಳು. ಅರಿಶಿನ ಹೋಯಿತು, ಎಣ್ಣೆಯ ಜಿಡ್ಡು ಹೋಯಿತು, ನಡುವೆ ಕಿರೀಟ ಕಂಡಿತು, ಸುತ್ತಲೂ ಇಂಗ್ಲಿಷ್ ಅಕ್ಷರ ಎದ್ದವು. ನಾನು ಓದಿದೆ: ಬರ್ಮಾ ಸ್ಟಾರ್. ಹಿಂದೆ ಒಂದು ನಂಬರು, ಅದರ ಮುಂದೆ ಅಜ್ಜನ ಹೆಸರು. ಬರ್ಮಾದ ಕಡೆಯ ಸಮುದ್ರದಲ್ಲಿ ಲಡಾಯಿ ಮಾಡಿದ್ದಕ್ಕೆ ಸರ್ಕಾರ ಕೊಟ್ಟ ಪದಕವನ್ನು ನಮ್ಮ ಅಜ್ಜ ಎತ್ತಿಗೆ ಕಟ್ಟಿದ್ದ.

ಅಷ್ಟರಲ್ಲಿ ಮಾಸ್ತರರು ನೀಲಿ ಕೊರಳಪಟ್ಟಿಯನ್ನು ತಿರುವಿ, ಬಾಗಿಲ ಬೆಳಕಿಗೆ ಹಿಡಿದು, ಕನ್ನಡಕ ಹಣೆಗೆ ಏರಿಸಿದ್ದರು. ಒಳಮೈಯಲ್ಲಿ ಕೆಂಪು ದಾರದಿಂದ ಸರಪಳಿ ಹೊಲಿಗೆ ಹಾಕಿ ಅದೇ ನಂಬರು, ಅದೇ ಹೆಸರು ಇಂಗ್ಲಿಷಿನಲ್ಲಿ ಬರೆದಿತ್ತು. "ಹಡಗಿನ್ಯಾಗ ಎಲ್ಲಾರ ಅರಿವಿ ಒಂದ ನಮೂನಿ ಇರ್ತಾವಲ್ಲ. ಅದಕ್ಕ ಹೆಸರು ಹೊಲಕೋಬೇಕು" ಎಂದರು. ಬೆರಳು ಸ್ವಲ್ಪ ಕೆಳಗೆ ಸರಿಸಿ, "ಇಲ್ಲೊಂದು ಕನ್ನಡದಾಗ ಐತಿ" ಎಂದರು.

ಆಯಿಯ ಕೈಯಲ್ಲಿ ಹುಣಸೆಹಣ್ಣು ಹಾಗೆಯೇ ಇತ್ತು. "ಏನಂತ ಐತಿ? ಡೋಣಿ ಅಂತ ಐತೇನು?"

"ಇಲ್ರೀ. ಶಿ... ಗ್ಲಿ. ಶಿಗ್ಲಿ ಅಂತ ಐತಿ." ಅಲ್ಲಿಗೆ ನಿಲ್ಲಿಸಬೇಕಿತ್ತು, ಮಾಸ್ತರರಿಗೆ ಆಗಲಿಲ್ಲ. "ಹೊಲಿಗಿ ಮಾತ್ರ ಭಾಳ ಕೆಟ್ಟೈತಿ. ದರ್ಜಿ ಕೈ ಅಲ್ಲ. ಸ್ವಂತ ಕುಂತು ಹೊಲಕೊಂಡಾರ."

ಆಯಿ ಕೊರಳಪಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಆ ಎರಡು ಅಕ್ಷರದ ಮೇಲೆ ಬೆರಳಾಡಿಸಿದಳು. ಓದು ಬಾರದವಳಿಗೆ ಎದ್ದು ನಿಂತ ದಾರ ಬೆರಳಿಗೆ ಸಿಗುತ್ತಿತ್ತು. ಆಮೇಲೆ ಒಮ್ಮೆಲೇ, "ನೀರಿನ ಡೋಣಿ ಅಂತ ಬಿಡಸಿ ಬರಿಯಾಕ ಏನು ಧಾಡಿ ಆಗಿತ್ತು ಈ ಮನಷಾಗ?" ಎಂದು ಬೈದಳು. ಬೈಯುತ್ತ ನಗು ಬಂತು. ನಗುತ್ತ ನಗುತ್ತ ಅಳು ಬಂತು. "ಆ ಊರಿನವ್ರಿಗೆ ಎಷ್ಟು ಬೈದ್ನೆವ್ವಾ, ಎಷ್ಟು ಬೈದ್ನಿ" ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಸಮಾಧಾನವಾದ ಮೇಲೆ ತಮ್ಮನನ್ನು ಕರೆದು ಕೇಳಿದಳು, "ನಿಮ್ಮಜ್ಜನ ಮಗ್ಗಲ ಜಾಗಾ ಹಂಗ ಐತೇನಲೇ?"

"ಅಲ್ಲೊಂದು ಕರಿಬೇವು ಹಚ್ಚೇನಿ ಆಯಿ."

"ಕಿತ್ತು ಬ್ಯಾರೆ ಕಡೆ ಹಚ್ಚು."

ಮಾಸ್ತರರು ಹೊರಡುವಾಗ ಆಯಿ ಕೊರಳಪಟ್ಟಿಯನ್ನು ಅವರ ಕೈಯಲ್ಲಿಟ್ಟಳು. ಅದಕ್ಕೆ ನುಸಿ ಹಿಡಿದು ನಾಲ್ಕೈದು ಕಡೆ ತೂತು ಬಿದ್ದಿತ್ತು. "ಇದನ್ನೊಂದು ಹೊಲದು ಕೊಡು ತಮ್ಮಾ. ಹೋಗೂ ಮುಂದ ನನ್ನ ಜೋಡಿ ಇಡಸ್ಕೊಂಡು ಹೊಕ್ಕೀನಿ. ಇದು ಬಂತಂದ್ರ ನಾ ಹೊಂಟೆ. ಮತ್ತೇನೂ ಉಳದಿಲ್ಲ ನಂದು."

ಮಾಸ್ತರರು ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. "ಶುಕ್ರವಾರ ಬಿಟ್ಟು ಕೊಡ್ತೇನ್ರಿ, ಆಯಿ" ಎಂದರು.

ಬಂತಲ್ಲ, ಮತ್ತೆ ಶುಕ್ರವಾರ! ನಾಲ್ಕು ವರ್ಷ ಆ ಕೊರಳಪಟ್ಟಿ ಬರಲಿಲ್ಲ. ನಾನು ಶಿಗ್ಲಿಗೆ ಹೋದಾಗಲೆಲ್ಲ ಆಯಿ, "ಆತಂತೇನು?" ಎಂದು ಕೇಳುವಳು. "ಇನ್ನೂ ಇಲ್ಲ" ಎನ್ನುವೆ. ಮೊದಮೊದಲು ಮಾಸ್ತರರಿಗೆ ಬೈಯುತ್ತಿದ್ದಳು. ಬರುಬರುತ್ತ, "ಆಗಲಿ ತಗೋ, ಏನು ಅವಸರ ಐತಿ?" ಎನ್ನತೊಡಗಿದಳು. ಎಷ್ಟು ಅವಸರವಿಲ್ಲದವಳಾದಳೆಂದರೆ ಆ ನಾಲ್ಕು ವರ್ಷದಲ್ಲಿ ಮುಂಡರಗಿಯ ತಂಗಿಯನ್ನು ಕರೆದುಕೊಂಡು ಡೋಣಿಗೂ ಹೋಗಿ ಬಂದಳು. ಅಲ್ಲಿ ಯಾರದೋ ಮನೆಯ ಕಟ್ಟೆಯ ಮೇಲೆ ಕೂತು ಬಂದವರಿಗೆಲ್ಲ ಸಿಹಿ ಮಾದಲಿ ಹಂಚಿದಳಂತೆ. ಯಾಕೆಂದು ಅವರಿಗೆ ಇಂದಿಗೂ ಗೊತ್ತಿಲ್ಲ.

ನಾನು ಮಾತ್ರ ಅಂಗಡಿಗೆ ಹೋಗಿ ಜಗಳ ಮಾಡುತ್ತಿದ್ದೆ. ವಯಸ್ಸಾದವಳ ಒಂದು ಆಸೆ, ನಾಲ್ಕು ತೂತು ಹೊಲಿಯಲು ನಾಲ್ಕು ವರ್ಷ ಬೇಕೇ ಎಂದು. ಮಾಸ್ತರರು, "ಆ ನೀಲಿ ದಾರ ಸಿಗವಲ್ತು", "ಕಣ್ಣು ಮಂಜ ಆಗ್ಯಾವ", "ಕರೆಂಟ್ ಇಲ್ಲ" ಎನ್ನುತ್ತಿದ್ದರು. ಅವರದು ಕಾಲಿನಿಂದ ತುಳಿಯುವ ಮಿಷನ್ನು, ಅದಕ್ಕೆ ಕರೆಂಟು ಯಾತಕ್ಕೆ? ಇತ್ತ ಬೇರೆ ಗಿರಾಕಿಗಳ ಮುಂದೆ, "ಅಕ್ಕಾರ ಅಜ್ಜಂದು ನೇವಿ ಡ್ರೆಸ್ಸು ತಂದಿದ್ರು. ನೋಡಿದ ಕೂಡ್ಲೆ ಹೇಳಿಬಿಟ್ಟೆ. ನಾ ಮುಂಬೈದಾಗ ಕಟರ್ ಇದ್ದೆನಲ್ಲ" ಎನ್ನುವುದು ಶುರುವಾಗಿತ್ತು. ಹೇಳುವಾಗ ನನ್ನ ಕಡೆ ಒಂದು ಗಳಿಗೆ ನೋಡುತ್ತಿದ್ದರು. ನಾನು ಹೌದೆಂದು ತಲೆ ಹಾಕುತ್ತಿದ್ದೆ.

ಆಯಿ ಒಂದು ಮುಂಜಾನೆ ಚಹಾ ಕುಡಿದು, ಗೋಡೆಗೆ ಆತು ಕೂತವಳು ಹಾಗೆಯೇ ಹೋದಳು. ಮಾಸ್ತರರಿಗೆ ಫೋನಿನಲ್ಲಿ ಇಷ್ಟೇ ಹೇಳಿದೆ. ಅವಳಿಗೆ ಇಡಲು ಕೊರಳಪಟ್ಟಿ ಸಿಗುವ ಆಸೆಯನ್ನು ನಾನು ಬಿಟ್ಟಿದ್ದೆ. ಮಧ್ಯಾಹ್ನ ಹೊಲಕ್ಕೆ ಹೊರಡುವುದಕ್ಕೆ ಇನ್ನೂ ಹೊತ್ತಿರುವಾಗಲೇ ಅವರು ಅಂಗಳಕ್ಕೆ ಬಂದರು. ಕೈಯಲ್ಲಿ ಪೇಪರಿನ ಒಂದು ಪುಡಿಕೆ. ನನ್ನ ಅನುಭವದಲ್ಲಿ ಅವರು ಹೊತ್ತಿಗೆ ಸರಿಯಾಗಿ ತಂದುಕೊಟ್ಟ ಬಟ್ಟೆ ಅದೊಂದೇ.

ಬಿಚ್ಚಿ ನೋಡಿದೆ. ತೂತು ಎಲ್ಲಿದ್ದವೆಂದು ಹುಡುಕಿದರೂ ಸಿಗದ ಹಾಗೆ, ಬಟ್ಟೆಯ ಎಳೆಗೆ ಎಳೆ ಕೂಡಿಸಿದ್ದರು. ಕೆಂಪು ದಾರದ ಶಿಗ್ಲಿಯನ್ನು ಮಾತ್ರ ಮುಟ್ಟಿರಲಿಲ್ಲ. ಮೂಲೆಗೆ ಗುಂಡುಪಿನ್ನಿನಿಂದ ಒಂದು ಚೀಟಿ ಚುಚ್ಚಿತ್ತು. ಕೆಲಸ ಮುಗಿದ ಬಟ್ಟೆಗೆ ಗಿರಾಕಿಯ ಹೆಸರು, ಮುಗಿದ ತಾರೀಖು ಬರೆದು ಚುಚ್ಚುವುದು ಅವರ ಪದ್ಧತಿ. 'ಶಿಗ್ಲಿ ಆಯಿ' ಎಂದಿತ್ತು. ಚೀಟಿ ಹಳದಿಯಾಗಿತ್ತು, ಪಿನ್ನಿನ ಸುತ್ತ ಬಟ್ಟೆಗೆ ತುಕ್ಕಿನ ಕಲೆ ಹತ್ತಿತ್ತು. ತಾರೀಖು ನೋಡಿದೆ. ನಾವಿಬ್ಬರೂ ಬಸ್ಸು ಹತ್ತಿ ಶಿಗ್ಲಿಗೆ ಬಂದಿದ್ದೆವಲ್ಲ, ಆ ವಾರದ ಶುಕ್ರವಾರದ್ದು.

"ಮಾಸ್ತರ, ಇದು ಅವತ್ತ ಆಗಿತ್ತೇನು? ನಾಲ್ಕು ವರ್ಷ ಇಟ್ಟಕೊಂಡು ಕುಂತಿದ್ರೇನು?"

ಅವರು ಆಯಿಯ ಕಡೆ ನೋಡುತ್ತಿದ್ದರು. ಅವಳನ್ನು ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. ಹೊಲದಲ್ಲಿ ಕರಿಬೇವು ಕಿತ್ತ ಜಾಗವನ್ನು ಅಗೆಯಲು ನನ್ನ ತಮ್ಮ ಆಳುಗಳ ಜೊತೆ ಆಗಲೇ ಹೋಗಿದ್ದ.

"ಇದು ಬಂತಂದ್ರ ಹೊಂಟೆ ಅಂದಿದ್ರಲ್ಲರೀ" ಎಂದರು ಮಾಸ್ತರರು. "ಇನ್ನೊಂದೆರಡು ವರ್ಷ ದೂಡಬಹುದು ಅಂತ ಮಾಡಿದ್ದೆ."

ಕೊರಳಿನಲ್ಲಿ ಟೇಪು ಹಾಗೆಯೇ ಇತ್ತು, ಅಂಗಡಿಯಿಂದ ಎದ್ದವರು ಅದನ್ನು ತೆಗೆದಿಡುವುದನ್ನೂ ಮರೆತು ಬಂದಿದ್ದರು. ಅದರ ತುದಿಯಿಂದ ಕಣ್ಣು ಒರೆಸಿಕೊಂಡರು.

"ನಂದ ಅಳತಿ ತಪ್ಪಿತ್ರೀ, ಅಕ್ಕಾರ."